ಹೂವಿನ ಗೋರಂಟಿ, ಕೈಗೆ ಹಚ್ಚುವ ಗೋರಂಟಿ

ಕೆಲವರ ಕೈಗುಣ ಎಂಥದೆಂದರೆ ಒಣಕಡ್ಡಿ ನೆಟ್ಟರೂ ಚಿಗುರುತ್ತದೆ. ನನ್ನದು ಚಿಗುರಿದ್ದನ್ನು ಒಣಕಡ್ಡಿ ಮಾಡುವ ಕೈ. ಶಿಡ್ಲಘಟ್ಟದ ನಮ್ಮ ಮನೆಯ ಮುಂದೆ ದಾಸವಾಳ ನೆಟ್ಟೆ, ಬಾಡಿತು. ತುಳಸಿಯೂ ಒಣಗಿದ ಮೇಲೆ ಬೀದಿಯವರು ನನ್ನನ್ನು ನೋಡುವ ರೀತಿಯೇ ಬದಲಾಯಿತು. ಪ್ಲಾಸ್ಟಿಕ್ ಗಿಡ ತಂದುಕೊಡುತ್ತೇನೆ, ಅದಕ್ಕಾದರೂ ಏನೂ ಮಾಡಬೇಡ ಎಂದು ನಮ್ಮ ಯಜಮಾನರು ಬೇಡಿಕೊಂಡರು. ಕೊನೆಗೆ ಜಂಗಮಕೋಟೆಯ ನನ್ನ ತಂಗಿ ತಮ್ಮ ಹಿಪ್ಪುನೇರಳೆ ತೋಟದ ಬೇಲಿಯಿಂದ ಒಂದು ಕಡ್ಡಿ ಮುರಿದು ತಂದು ಅಂಗಳದಲ್ಲಿ ಚುಚ್ಚಿದಳು.

"ಗೋರಂಟಿ ಕಣಕ್ಕ. ಇದನ್ನ ಸಾಯಿಸಕ್ಕೆ ನಿನ್ನ ಕೈಲೂ ಆಗಲ್ಲ," ಎಂದಳು.

ಆಗಲೇ ಇಲ್ಲ. ನೀರು ಹಾಕುವುದನ್ನು ಮರೆತೆ, ಬೆಳೆಯಿತು. ಯಾರದೋ ಹಸು ಅರ್ಧ ಮೇಯ್ದು ಹೋಯಿತು, ಇನ್ನಷ್ಟು ಹರಡಿತು. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಗಿಡದ ತುಂಬ ನೇರಳೆ ಮೊಗ್ಗು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಿಕ್ಕಬಳ್ಳಾಪುರದ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಿಗೂ ನಮ್ಮ ಮನೆ ಗೋರಂಟಿಯ ಸುದ್ದಿ ಹೇಳಿದೆ. ಅವರು ಚಿಲ್ಲರೆ ಕೊಡಿ ಎಂದರು.

ಪಕ್ಕದ ಮನೆಯ ಶಮೀಮ್ ಅವರ ಮಗಳು ರುಖ್ಸಾನಾಳ ಮದುವೆ ಹತ್ತಿರವಾಗಿತ್ತು. ಒಂದು ಬೆಳಿಗ್ಗೆ ಅವಳು ಕಾಂಪೌಂಡಿನಾಚೆಯಿಂದ, ಆಂಟಿ, ನಿಮ್ಮ ಗೋರಂಟಿ ಸ್ವಲ್ಪ ತಗೊಳ್ಳಲಾ ಎಂದು ಕೇಳಿದಳು. ಮದುಮಗಳ ಮುಡಿಗೆ ನನ್ನ ಹೂವು! ಸ್ವಲ್ಪ ಯಾಕಮ್ಮ, ಪೂರ್ತಿ ತಗೋ ಎಂದು ಗೇಟು ತೆರೆದಿಟ್ಟು ಆಫೀಸಿಗೆ ಹೋದೆ.

ಸಂಜೆ ಬಂದು ನೋಡಿದರೆ ಗಿಡದಲ್ಲಿ ಮೊಗ್ಗುಗಳಷ್ಟೇ ಇದ್ದವು, ಎಲೆ ಒಂದೂ ಇಲ್ಲ. ಕೋಳಿಯ ಪುಕ್ಕ ತರಿದಂತೆ ತರಿದಿದ್ದರು. ಬ್ಯಾಗು ಕೂಡ ಇಳಿಸದೆ ಜಗಳಕ್ಕೆಂದೇ ಪಕ್ಕದ ಮನೆಗೆ ನುಗ್ಗಿದೆ. ನಡುಮನೆಯಲ್ಲಿ ರುಖ್ಸಾನಾ ಎರಡೂ ಅಂಗೈ ಚಾಚಿಕೊಂಡು ಅಳುತ್ತಿದ್ದಳು. ಗೆಳತಿಯರು ಎಲೆ ಅರೆದು, ನಿಂಬೆರಸ ಹಿಂಡಿ, ಟೀ ಡಿಕಾಕ್ಷನ್ ಬೆರೆಸಿ, ಮಧ್ಯಾಹ್ನವೆಲ್ಲ ಹಚ್ಚಿಟ್ಟಿದ್ದರಂತೆ. ತೊಳೆದರೆ ಕೈ ಹಾಲಿನಲ್ಲಿ ಅದ್ದಿದಷ್ಟು ಬೆಳ್ಳಗೆ! ಮೆಹಂದಿ ಕೆಂಪಾಗದಿದ್ದರೆ ಗಂಡನಿಗೆ ಪ್ರೀತಿ ಇರುವುದಿಲ್ಲ ಎಂದು ಯಾರೋ ಹೇಳಿದ್ದು ಬೇರೆ.

ಅಷ್ಟರಲ್ಲಿ ಮದುವೆ ಹಾಲ್‌ನಿಂದ ಬಂದ ಶಮೀಮ್, ಒರಳಲ್ಲಿ ಉಳಿದಿದ್ದನ್ನು ಮೂಸಿ ನೋಡಿದರು.

"ಇದು ಹೂವಿನ ಗೋರಂಟಿ ಕಣೇ. ಕೈಗೆ ಹಚ್ಚೋ ಗೋರಂಟಿ ಬೇರೆ," ಎಂದರು.

ಮೊದಲು ನಕ್ಕವಳು ಮದುಮಗಳೇ. ಆಮೇಲೆ ಯಾರು ಯಾರ ಮೇಲೆ ಬಿದ್ದು ನಕ್ಕರೋ ಗೊತ್ತಿಲ್ಲ. ಅಂಗಡಿಯಿಂದ ಮೆಹಂದಿ ಕೋನ್‌ಗಳು ಬಂದವು. ಜಗಳಕ್ಕೆ ಹೋಗಿದ್ದ ನಾನು ಎರಡೂ ಕೈಗೆ ಮೊಣಕೈವರೆಗೆ ಹಚ್ಚಿಸಿಕೊಂಡು ಬಂದು, ನಮ್ಮದೇ ಗೇಟನ್ನು ಮೊಣಕಾಲಿನಿಂದ ತಟ್ಟಿ ಯಜಮಾನರನ್ನು ಕರೆಯಬೇಕಾಯಿತು.

ಬೋಳಾದ ಗಿಡ ಸಾಯುತ್ತದೆಂದು ನಾನು ಮಾನಸಿಕವಾಗಿ ತಿಥಿಯನ್ನೂ ಮಾಡಿ ಮುಗಿಸಿದ್ದೆ. ಅದು ಎರಡರಷ್ಟು ಚಿಗುರಿ, ಎಲೆ ಕಾಣದಷ್ಟು ಹೂ ಬಿಟ್ಟಿತು. ತವರಿಗೆ ಬಂದ ರುಖ್ಸಾನಾ ಅದರ ಕಡ್ಡಿಯನ್ನು ಚಿಂತಾಮಣಿಯ ಅತ್ತೆ ಮನೆಗೆ ಒಯ್ದಳು. ಅಲ್ಲೂ ಹೂ ಬಿಟ್ಟ ಮೇಲೆ ನಮ್ಮನ್ನು ಊಟಕ್ಕೆ ಕರೆದಳು.

ಅಲ್ಲಿ ಅವಳ ಅತ್ತೆಗೆ ನನ್ನನ್ನು ಗಿಡಗಳ ವಿಷಯ ಬಲ್ಲ ಮೇಡಂ ಎಂದು ಪರಿಚಯಿಸಿಬಿಟ್ಟಳು. ಆ ತಾಯಿ ಭಕ್ತಿಯಿಂದ ಒಂದು ಬಾಡಿದ ಗುಲಾಬಿ ಕುಂಡ ತಂದು ಮುಂದಿಟ್ಟು, ಏನು ಮಾಡಬೇಕಮ್ಮ ಎಂದರು. ಯಜಮಾನರು ಕೆಮ್ಮಿದರು. ನಾನು ಕನ್ನಡಕ ಏರಿಸಿ, ಗಿಡವನ್ನು ಸುತ್ತಲೂ ನೋಡಿ, ನನಗೆ ಗೊತ್ತಿದ್ದ ಒಂದೇ ಚಿಕಿತ್ಸೆ ಹೇಳಿದೆ.

"ಎಲೆ ಪೂರ್ತಿ ಕಿತ್ತಾಕಿ."

ಈಗೀಗ ಚಿಂತಾಮಣಿಯಿಂದ ಫೋನ್ ಬಂದರೆ ಯಜಮಾನರ ಕೈಗೆ ಕೊಟ್ಟು ಬಚ್ಚಲಿಗೆ ಹೋಗುತ್ತೇನೆ.