ಕ್ಲಿಪ್ಪು ಹಾಕದವರ ಜೊತೆ ನನ್ನ ಜಗಳ

ಸಿಟ್ಟು ಮಾಡಿಕೊಳ್ಳದೆ ನಾನು ನೀರಿಗಿಳಿದ ದಿನ ಒಂದೂ ನೆನಪಿಲ್ಲ. ನಾನು ಬೀದರ್ ಕಡೆಯವನು. ನಾಶಿಕದಲ್ಲಿ ಅಣೆಕಟ್ಟಿನ ಗೇಟುಗಳನ್ನು ನೀರೊಳಗೆ ಹೋಗಿ ಪರೀಕ್ಷಿಸುವ ಮುಳುಗುಗಾರರ ತಂಡದಲ್ಲಿದ್ದೆ. ಬೆನ್ನಿಗೆ ಗಾಳಿ ಸಿಲಿಂಡರು, ಎದೆಗೆ ಜಾಕೆಟ್ಟು, ಅದರ ಸುತ್ತ ಗಾಳಿ ಅಳೆಯುವ ಗೇಜಿನ ಪೈಪು, ಟಾರ್ಚು, ಚಾಕು. ಒಂದೂ ಜೋತಾಡಬಾರದು, ಎಲ್ಲವನ್ನೂ ಜಾಕೆಟ್ಟಿನ ಉಂಗುರಗಳಿಗೆ ಕ್ಲಿಪ್ಪಿನಿಂದ ಸಿಕ್ಕಿಸಬೇಕು. ಇಷ್ಟೇ ಕೆಲಸ. ಇಷ್ಟು ಮಾಡಲೂ ಜನಕ್ಕೆ ಏನು ರೋಗ ಬಡಿದಿರುತ್ತದೋ!

೧. ಹಲಗೆ

ನನ್ನ ಜೊತೆಗಾರ ಇಬ್ಬರು ಮಕ್ಕಳ ತಂದೆ. ಅವನ ಹಿರಿಯರು ನಮ್ಮ ಬೀದರ್‌ನವರೇ, ಅವನು ಹುಟ್ಟಿ ಬೆಳೆದದ್ದು ನಾಶಿಕದ ಹತ್ತಿರದ ದೇವಳಾಲಿ ಕ್ಯಾಂಪಿನಲ್ಲಿ. "ಗೇಜಿನ ಪೈಪಿಗೆ ಕ್ಲಿಪ್ ಹಾಕ್ದೇನೋ?" ಅಂದರೆ "ಹೋ ದಾದಾ" ಎಂದು ಮರಾಠಿಯಲ್ಲಿ ಹೂಂಗುಟ್ಟುವುದು, ಹಾಕದೆ ಇಳಿಯುವುದು.

ಒಂದು ದಿನ ಆ ಪೈಪು ಗೇಟಿನ ಮುಂದಿನ ಕಬ್ಬಿಣದ ಜಾಳಿಗೆಗೆ ಸಿಕ್ಕಿಕೊಂಡಿತು. ಅವನು ಎಳೆದಷ್ಟೂ ಬಿಗಿಯಿತು. ಕೆಸರೆದ್ದು ಕಣ್ಣಿಗೆ ಏನೂ ಕಾಣದು, ಗಾಳಿ ಮುಗಿಯುತ್ತ ಬಂದಿದೆ. ನಾನು ಕೈಯಾಡಿಸಿ ಕೈಯಾಡಿಸಿ ಕೊನೆಗೂ ಬಿಡಿಸಿದೆ.

ಹೆದರಿಕೆ ಇಳಿದ ಕೂಡಲೇ ಸಿಟ್ಟು ಏರಿತು. ಆದರೆ ನೀರಿನಲ್ಲಿ ಬೈಯುವುದು ಹೇಗೆ? ಮೇಲೆ ಬರುವಾಗ ಮೈಗೆ ಅಪಾಯವಾಗದಂತೆ ನಡುವೆ ಮೂರು ನಿಮಿಷ ನಿಲ್ಲುವುದು ನಮ್ಮ ನಿಯಮ, ಉಳಿದ ಗಾಳಿ ಅದಕ್ಕೆ ಸಾಕಿತ್ತು. ಅಷ್ಟು ಹೊತ್ತು ತಡೆಯಲು ನನ್ನಿಂದಾಗಲಿಲ್ಲ. ನೀರಿನಲ್ಲಿ ಬರೆಯುವ ಪ್ಲಾಸ್ಟಿಕ್ ಹಲಗೆ ತೆಗೆದು, ನಮ್ಮೂರಿನ ಬೈಗುಳ ಒಂದೂ ಬಿಡದೆ ಅಂಚಿನವರೆಗೆ ಬರೆದು ಅವನ ಮುಖಕ್ಕೆ ಹಿಡಿದೆ. ಅವನು ಮೇಲಿನಿಂದ ಕೆಳಗಿನವರೆಗೆ ಗಂಭೀರವಾಗಿ ನೋಡಿ, "ಎಲ್ಲಾ ಸರಿ" ಎಂದು ಬೆರಳುಗಳನ್ನು ಉಂಗುರದಂತೆ ಕೂಡಿಸಿ ತೋರಿಸಿದ.

ದಂಡೆಗೆ ಬಂದ ಮೇಲೆ ಹೇಳಿದ: "ದಾದಾ, ನನಗ ಕನ್ನಡ ತಿಳೀತದ, ಓದ್ಲಿಕ್ಕ ಬರಂಗಿಲ್ಲ. ನೀವು ಶಾಬಾಸ್ ಅಂತ ಬರದೀರಿ ಅಂದ್ಕೊಂಡೆ."

೨. ಅಳತೆ

ಅದೇ ವಾರ ಅವನು ಎರಡು ಟಾರ್ಚು ಮುಳುಗಿಸಿದ. ಗಟ್ಟಿ ಕ್ಲಿಪ್ಪು ತರೋಣವೆಂದು ಅವನನ್ನೂ ಎಳೆದುಕೊಂಡು ನಾಶಿಕದ ಪಂಚವಟಿ ಪೇಟೆಗೆ ಹೋದೆ. ಅಲ್ಲಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿದ್ದು ನಾಯಿಯ ಸರಪಳಿಗೆ ಹಾಕುವ ಸ್ಪ್ರಿಂಗ್ ಕ್ಲಿಪ್ಪು ಮಾತ್ರ.

"ನಾಯಿ ಎಷ್ಟು ದೊಡ್ಡದು?" ಅಂಗಡಿಯವನು ಮರಾಠಿಯಲ್ಲಿ ಕೇಳಿದ.

ಹೊರಗೆ ಆಟೋಗೆ ಒರಗಿ ಬಾಳೆಹಣ್ಣು ತಿನ್ನುತ್ತಿದ್ದ ಜೊತೆಗಾರನನ್ನು ತೋರಿಸಿ, "ಅಗೋ, ಅಲ್ಲೇ ನಿಂತಿದೆ" ಅಂದೆ.

ಅಂಗಡಿಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಲ್ಲಕ್ಕಿಂತ ದೊಡ್ಡ ಕ್ಲಿಪ್ಪು ತೆಗೆದಿಟ್ಟ. "ಕಚ್ಚುತ್ತದೆಯೇ?"

"ಇಲ್ಲ. ಹಿಡಿದದ್ದನ್ನೆಲ್ಲ ಬಿಡುತ್ತದೆ!"

೩. ಡಜನ್ನು

ಮನೆಯಲ್ಲೂ ಇದೇ ಗೋಳು. ಕೆಲಸದ ಜಾಗಕ್ಕೆ ಹೋಗುವ ದಾರಿಯಿಂದ ಹೆಂಡತಿಗೆ ಫೋನ್ ಮಾಡಿದೆ. "ಚೀಲದಾಗ ಕ್ಲಿಪ್ ಇಟ್ಟೀ?"

"ಇಟ್ಟೀನ್ರಿ, ಒಂದು ಡಜನ್."

ದಂಡೆಯ ಮೇಲೆ ಚೀಲ ಬಿಚ್ಚಿದರೆ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪುಗಳು, ಗುಲಾಬಿ, ಹಳದಿ, ಹಸಿರು. ಮತ್ತೆ ಫೋನಿನಲ್ಲಿ ಅರಚಿದೆ, "ನನ್ನ ಸ್ಟೀಲಿನ ಕ್ಲಿಪ್ ಎಲ್ಲಿ?"

"ಅವು ಬಟ್ಟೆ ಹಗ್ಗಕ್ಕ ಹಾಕೀನ್ರಿ. ವಾರ ಆತು, ಒಮ್ಮೆನೂ ಕಳಚಿಲ್ಲ. ಸ್ಟೀಲಿಂದೇ ಗಟ್ಟಿ ಅಂತ ನೀವು ಹೇಳೋದು ಖರೇ ಅದ!"

೪. ಲೆಕ್ಕ

ಆಗಿನ್ನೂ ಔರಂಗಾಬಾದ್ ಅನ್ನುತ್ತಿದ್ದ ಸಂಭಾಜಿನಗರದ ಹತ್ತಿರ ಒಂದು ಜಲಾಶಯಕ್ಕೆ ಕೆಲಸಕ್ಕೆ ಹೋಗಿದ್ದೆವು. ಸಾಮಾನು ಕಳೆದು ಕಳೆದು ನನಗೆ ಸಾಕಾಗಿತ್ತು. ಅದಕ್ಕೇ ಆ ದಿನ ಜೊತೆಗಾರನಿಗೆ ಹೇಳಿದೆ: "ನೀ ಇಳೀಬ್ಯಾಡ. ದೋಣ್ಯಾಗ ಕುಂತು ನೀರಿಗಿ ಎಷ್ಟು ಸಾಮಾನು ಇಳಿತಾವ, ಎಷ್ಟು ಮ್ಯಾಲ ಬರ್ತಾವ, ಎಣಸು."

ಕೆಲಸ ನೋಡಲು ಬಂದ ಸಾಹೇಬರು ಲೈಫ್ ಜಾಕೆಟ್ ತೊಟ್ಟು, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ದೋಣಿಯ ಅಂಚಿನಲ್ಲಿ ನನ್ನ ಪಕ್ಕಕ್ಕೇ ಒತ್ತಿ ಕುಳಿತರು. "ಎಷ್ಟು ಹೊತ್ತು ಆ ಕ್ಲಿಪ್ಪು ಆಡಿಸುತ್ತೀರಿ? ನೀರಿಗೆ ಇಳಿಯಬಾರದೇ?" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅವರನ್ನೇ ದುರುಗುಟ್ಟಿ ನೋಡುತ್ತ, ಮಣಿಕಟ್ಟಿಗೆ ಸುತ್ತಿದ್ದ ಟಾರ್ಚಿನ ದಾರದ ಕ್ಲಿಪ್ಪನ್ನು ಕೈ ಅಂದಾಜಿನಲ್ಲೇ ಟಕ್ ಎಂದು ಸಿಕ್ಕಿಸಿ, ಹಿಂದಕ್ಕೆ ಉರುಳಿ ನೀರಿಗೆ ಬಿದ್ದೆ. ದಾರ ಒಮ್ಮೆ ಬಿಗಿಯಿತು. ಮೇಲೆ ಏನೋ ಧಡ್ ಎಂದಿತು. ತಲೆಯೆತ್ತಿದರೆ ಎರಡು ಕರಿಯ ಬೂಟು ನೀರನ್ನು ಒದೆಯುತ್ತಿವೆ.

ಮೇಲೆ ಬಂದವನೇ ಬಾಯಿಂದ ಪೈಪು ಕಿತ್ತು ಕೂಗಿದೆ: "ಯಾರ್ರೀ ಅದು, ಹೇಳದ ಕೇಳದ ನೀರಿಗಿ ಇಳದವ್ರು?"

"ನೀವೇ ಎಳೆದಿರಲ್ರೀ!" ಸಾಹೇಬರು ನೀರುಗುಳುತ್ತ ಕಿರುಚಿದರು. ನಾನು ಹಾಕಿದ ಕ್ಲಿಪ್ಪು ಅವರ ಲೈಫ್ ಜಾಕೆಟ್ಟಿನ ಉಂಗುರದಲ್ಲಿತ್ತು. ಬಿಚ್ಚಲು ಹೋದರೆ ಬಿಚ್ಚಿಕೊಳ್ಳಲೂ ಇಲ್ಲ. ಇಬ್ಬರನ್ನೂ ಒಂದೇ ಗಂಟಿನಂತೆ ದೋಣಿಗೆ ಎಳೆದುಕೊಂಡರು.

ಸಾಹೇಬರ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೌಕರಿ ಹೋಯಿತು ಅಂದುಕೊಂಡು ನಾನು ಕಣ್ಣು ಮುಚ್ಚಿದೆ. ಆಗ ನನ್ನ ಜೊತೆಗಾರ, ಹೇಳಿದ ಕೆಲಸವನ್ನು ಜೀವನದಲ್ಲಿ ಮೊದಲ ಸಲ ಸರಿಯಾಗಿ ಮಾಡಿದವನು, ಬೆರಳು ಮಡಚುತ್ತ ಗಟ್ಟಿಯಾಗಿ ಒಪ್ಪಿಸಿದ:

"ದಾದಾ, ನೀವು ಇಳಿಸಿದ್ದು ಒಂಬತ್ತು. ಮ್ಯಾಲ ಬಂದದ್ದು ಹತ್ತು."