ಕಾರ್ಡೋಬಾದಲ್ಲಿ ನಾನು ಬಾಯಿ ಮುಚ್ಚಿದ್ದು

ನನಗೊಂದು ಕೆಟ್ಟ ಚಟವಿದೆ, ಒಪ್ಪಿಕೊಂಡುಬಿಡುತ್ತೇನೆ. ಹಳೆಯ ಕಟ್ಟಡ ಕಂಡರೆ ಸಾಕು, ನಾನೇ ನಿಂತು ಕಟ್ಟಿಸಿದವನಂತೆ ವಿವರಿಸತೊಡಗುತ್ತೇನೆ. ರೈಲ್ವೆ ನೌಕರಿಗೆಂದು ರಾಯಚೂರಿನಿಂದ ಹೈದರಾಬಾದಿಗೆ ಬಂದು ಮಲ್ಕಾಜ್‌ಗಿರಿಯಲ್ಲಿ ಮನೆ ಮಾಡಿದ ಮೇಲೆ, ಊರಿನ ನೆಂಟರಲ್ಲಿ ನನ್ನ ಕೈಗೆ ಸಿಕ್ಕು ಪಾರಾದವರಿಲ್ಲ. ಗೋಲ್ಕೊಂಡದ ಬಾಗಿಲಲ್ಲಿ ತಟ್ಟಿದ ಚಪ್ಪಾಳೆ ಕೋಟೆಯ ತುದಿಗೆ ಕೇಳುತ್ತದೆಂದು ತಟ್ಟಿ ತೋರಿಸಿ ತೋರಿಸಿ ನನ್ನ ಅಂಗೈ ಗಟ್ಟಿಯಾಗಿದೆ. ಪಾಪ, ಹೆಂಡತಿ ಸುಮಿತ್ರಾ ಪ್ರತಿ ಸಲವೂ ಜೊತೆಗಿರುತ್ತಾಳೆ. ಹಾಗಾಗಿಯೇ, ನಿವೃತ್ತಿಯಾದ ಮೇಲೆ ಒಂದು ತಂಡದ ಜೊತೆ ಸ್ಪೇನ್ ಪ್ರವಾಸಕ್ಕೆ ಹೊರಟಾಗ ಆಕೆ ವಿಮಾನದಲ್ಲೇ ನನ್ನ ಕೈ ಹಿಡಿದಳು. "ನಿಮ್ಮ ಮಾತಿನ ಕಾಟದಾಗ ಚಾರ್‌ಮಿನಾರ್ ಸೈತ ನಾ ಕಣ್ತುಂಬ ನೋಡಿಲ್ರೀ, ಬರೇ ಕೇಳೀನಿ. ಅಲ್ಲಿ ಒಂದ್ ಜಾಗಾನಾದ್ರೂ ಸುಮ್ಮನ ನೋಡಾಕ ಬಿಡ್ರಿ." ನನಗೆ ನಾಚಿಕೆಯಾಗಿ ಬಾಯಿ ತೆರೆಯುವುದಿಲ್ಲವೆಂದು ಆಣೆ ಮಾಡಿದೆ.

ಅಲ್ಲಿನ ಕಾರ್ಡೋಬಾ ಎಂಬ ಹಳೆಯ ನಗರದಲ್ಲಿ ಒಂದು ದೊಡ್ಡ ಮಸೀದಿಯಿದೆ, ಈಗ ಅದು ಚರ್ಚು. ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನಾನು ಬಾಗಿಲ ಬಳಿ ಬೂಟು ಬಿಚ್ಚಿಯಾಗಿತ್ತು. ಗುಡಿಯೋ ದರ್ಗಾವೋ, ಹೊಸ್ತಿಲು ಕಂಡರೆ ನನ್ನ ಕೈ ತಾನಾಗಿ ಕಾಲಿಗೆ ಹೋಗುತ್ತದೆ. "ಇಲ್ಲಿ ಬಿಚ್ಚಬೇಕಿಲ್ಲ ಸರ್" ಎಂದು ಅವಳು ನಕ್ಕಳು. "ಇರ್ಲಿ, ದೇವರ ಜಾಗಾ" ಎಂದು ಸುಮಿತ್ರಾಳಿಗೆ ಪಿಸುಗುಟ್ಟಿ, ಬೂಟನ್ನು ಅವಳ ಚೀಲಕ್ಕೆ ತುರುಕಿ, ಕಾಲುಚೀಲದಲ್ಲೇ ಒಳಗೆ ಹೋದೆ.

ಅಬ್ಬಬ್ಬಾ! ಮಬ್ಬು ಬೆಳಕಿನಲ್ಲಿ ಕಂಬದ ಹಿಂದೆ ಕಂಬ, ಅದರ ಹಿಂದೆ ಮತ್ತೊಂದು. ಮೇಲೆ ಕೆಂಪು ಬಿಳಿ ಪಟ್ಟೆಯ ಕಮಾನು, ಅದರ ಮೇಲೆ ಇನ್ನೊಂದು ಕಮಾನು. ಯಾವ ಕಡೆ ತಿರುಗಿದರೂ ಮುಗಿಯುವ ಲಕ್ಷಣವೇ ಇಲ್ಲ. ಎಣಿಸಲು ಹೋಗಿ ಸೋತೆ. ಯಾರು ಕಟ್ಟಿದರೋ, ಯಾವ ಪುಣ್ಯಾತ್ಮರ ಕೈಯೋ! ಆಣೆಯ ನೆನಪೂ ಇರಲಿಲ್ಲ, ಮಾತೇ ಹೊರಡಲಿಲ್ಲ. ಮೇಲೆ ನೋಡುತ್ತ ನಿಂತೇಬಿಟ್ಟೆ.

"ಯಾಕ್ರೀ, ಏನಾತು?" ಸುಮಿತ್ರಾ ತೋಳು ಅಲುಗಾಡಿಸಿದಳು. ನಾನು ತಲೆಯಾಡಿಸಿದೆ. "ಎದಿ ನೋವೇನ್ರೀ?" ಏನೂ ಇಲ್ಲವೆಂದು ಕೈಸನ್ನೆ ಮಾಡಿದರೆ ಆಕೆ ಇನ್ನೂ ಗಾಬರಿಯಾದಳು. "ತಣ್ಣನ ಕಲ್ಲಿನ ಮ್ಯಾಲ ಹಿಂಗ ನಿಂತ್ರ ಮತ್ತೇನಾಗ್ತೈತಿ!" ಎಂದು ಬೆಂಚಿನ ಮೇಲೆ ಕೂರಿಸಿ, ತಾನೇ ಬೂಟು ತೊಡಿಸಿ, ಅಂಗೈ ತಿಕ್ಕತೊಡಗಿದಳು. ನಾನು ಕಮಾನು ನೋಡುತ್ತಿದ್ದೆ. ಆಕೆ ನನ್ನ ಮುಖ ನೋಡುತ್ತಿದ್ದಳು. ಅಷ್ಟರಲ್ಲಿ ಗೈಡ್ ಕೊಡೆ ಎತ್ತಿ ಹಿಡಿದಳು, ನಮ್ಮ ಸಮಯ ಮುಗಿದಿತ್ತು.

ಹೊರಗೆ ಕಿತ್ತಳೆ ಮರಗಳ ಅಂಗಳಕ್ಕೆ ಬಂದ ಮೇಲೆ ನನಗೆ ಮಾತು ಬಂತು. "ಏನೂ ಆಗಿಲ್ಲ ಸುಮಿತ್ರಾ, ನೋಡಾಕತ್ತಿದ್ದೆ ಅಷ್ಟ."

"ಅಯ್ಯ ನಿಮ್ಮ! ಅಷ್ಟ ಹೇಳಾಕ ಏನಾಗಿತ್ರೀ? ಮೂವತ್ತು ವರ್ಷದಾಗ ನೀವು ಹಿಂಗ ಸುಮ್ಮನಿದ್ದದ್ದು ನಾ ಕಂಡಿಲ್ಲ, ಜೀವಾ ಹೋದಂಗಾತು ನನಗ. ನಿಮ್ಮ ಮಾರಿ ನೋಡೋದ್ರಾಗ ಒಂದ್ ಕಂಬಾನೂ ನೋಡಲಿಲ್ಲ!"

ಬಸ್ಸು ಹೊರಟು ಬಹಳ ಹೊತ್ತು ಆಕೆ ಕಿಟಕಿಯತ್ತ ತಿರುಗಿ ಕೂತಿದ್ದಳು. ನನಗೆ ನಿಜವಾಗಿಯೂ ಸಂಕಟವಾಯಿತು. ಆಮೇಲೆ ಆಕೆಯೇ ನನ್ನತ್ತ ತಿರುಗಿ, "ಹೋಗ್ಲಿ ಬಿಡ್ರಿ. ಒಳಗ ಏನೇನಿತ್ತು, ನೀವಾದ್ರೂ ಹೇಳ್ರಿ" ಎಂದಳು.

ಮದುವೆಯಾದ ಮೇಲೆ ಆಕೆ ತಾನಾಗಿ ಕೇಳಿದ್ದು ಇದೇ ಮೊದಲು. ನಾನು ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡೆ.

"ಕಂಬ ಅದಾವ" ಎಂದೆ.

ಆಕೆ ಕಾದಳು.

"ಭಾಳ ಅದಾವ."