ಪರೀಕ್ಷೆಗೆ ಮೊದಲೇ ಪಾಸಾದ ಕಯಾಕು

ನಾದಿನಿ: ನಾನು ಸಹಿ ಹಾಕಲ್ಲ ಭಾವ. ಮೂರು ಸಲ ಮಗುಚಿದ ದೋಣಿಗೆ ‘ಅತ್ಯುತ್ತಮ’ ಅಂತ ನನ್ನ ಕೈಯಲ್ಲಿ ಬರೆಸಬೇಡಿ.

ಮಾಲೀಕ: ಮಗುಚಿದ್ದು ನೀನು. ದೋಣಿ ಅಲ್ಲ.

ನಾದಿನಿ: ನಾನು ಅದರೊಳಗೇ ಇದ್ದೆ!

ಮಾಲೀಕ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಾದಿನಿ: ನೆಲ ಡೊಂಕಾದ್ರೆ ಸೊಂಟ ಉಳುಕುತ್ತೆ. ದೋಣಿ ಡೊಂಕಾದ್ರೆ ಹೆಣ ತೇಲುತ್ತೆ.

ಇದು ಸಮುದ್ರದಲ್ಲಿ ಒಬ್ಬರೇ ಕೂತು ಹುಟ್ಟು ಹಾಕುವ ಸಪೂರ ದೋಣಿಯಾದ ಕಯಾಕು ತಯಾರಿಸುವ ಕಾರ್ಖಾನೆಯ ಆಫೀಸು. ಮಾಲೀಕನ ಹೆಂಡತಿಯ ತಂಗಿಯೇ ಇಲ್ಲಿನ ಪರೀಕ್ಷಕಿ. ಈಗಷ್ಟೇ ನೀರಿನಿಂದೆದ್ದು ಬಂದಿದ್ದಾಳೆ. ಅವಳ ಲೈಫ್ ಜಾಕೆಟ್ಟಿನಿಂದ ಸೋರಿದ ನೀರು ಮೇಜಿನ ಕಾಲ ಬಳಿ ಮಡುಗಟ್ಟಿದೆ. ಮೇಜಿನ ಮೇಲೆ ಪರೀಕ್ಷಾ ವರದಿ. ವರದಿ ಟೈಪಾದದ್ದು ಹೋದ ವಾರ, ಸಮುದ್ರದಲ್ಲಿ ಪರೀಕ್ಷೆ ನಡೆದದ್ದು ಇವತ್ತು ಬೆಳಿಗ್ಗೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನೋಡಿ ನಗುತ್ತೇವೆ. ಇಲ್ಲಿ ಕೂಸು ದಷ್ಟಪುಷ್ಟವಾಗಿದೆ ಎಂದು ಸರ್ಟಿಫಿಕೇಟನ್ನೂ ಬರೆದಿಡುತ್ತಾರೆ. ಹೊರಗೆ ಲಾರಿಯಲ್ಲಿ ನಲವತ್ತು ಕಯಾಕುಗಳು, ಮಕ್ಕಳಿಗೆ ಹುಟ್ಟು ಹಾಕಲು ಕಲಿಸುವ ಶಾಲೆಯೊಂದಕ್ಕೆ ಹೊರಟು ನಿಂತಿವೆ. ಅವಳ ಸಹಿ ಬಿದ್ದರೆ ಲಾರಿ ಹೊರಡುತ್ತದೆ.

ಮಾಲೀಕ: ಸರಿ, ಒಂದೊಂದಾಗಿ ಹೇಳು. ಏನು ನಿನ್ನ ತಕರಾರು?

ನಾದಿನಿ: ಪಕ್ಕದಿಂದ ಗಾಳಿ ಬೀಸಿದ್ರೆ ಮೂತಿ ತಾನಾಗೇ ಗಾಳಿ ಬಂದ ಕಡೆ ತಿರುಗುತ್ತೆ. ನಾನು ದಡಕ್ಕೆ ಅಂತ ಹುಟ್ಟು ಹಾಕ್ತೀನಿ, ಅದು ಸಮುದ್ರಕ್ಕೆ ಅಂತ ಹೊರಡುತ್ತೆ.

ಮಾಲೀಕ: (ಪೆನ್ನು ತೆಗೆದು) ‘ಗಾಳಿಯ ದಿಕ್ಕನ್ನು ತಾನೇ ಗುರುತಿಸುವ ಸಾಮರ್ಥ್ಯ.’ ಮುಂದೆ?

ನಾದಿನಿ: ಬಾಲದ ಕೆಳಗೆ ನೀರಿಗಿಳಿಸೋ ಸಣ್ಣ ರೆಕ್ಕೆ ಇದ್ದಿದ್ರೆ ನೇರ ಹೋಗ್ತಿತ್ತು. ಅದನ್ನ ತೆಗೆಸಿಬಿಟ್ರಲ್ಲ ನೀವು!

ಮಾಲೀಕ: ‘ಹಗುರವಾದ ವಿನ್ಯಾಸ.’

ನಾದಿನಿ: ಹಿಂದಿನಿಂದ ಅಲೆ ಬಂದ್ರೆ ಎತ್ತಿ ಅಡ್ಡಡ್ಡ ಕೆಡವುತ್ತೆ.

ಮಾಲೀಕ: ‘ಅಲೆಗಳಿಗೆ ಚುರುಕಾಗಿ ಸ್ಪಂದಿಸುತ್ತದೆ.’ ನೋಡು, ನಿನ್ನ ಬಾಯಿಂದಲೇ ಎಷ್ಟು ಚೆನ್ನಾಗಿ ಬರ್ತಿದೆ!

ನಾದಿನಿ: ನಾನು ಸತ್ತೇ ಹೋಗಿದ್ರೆ ಏನು ಬರೀತಿದ್ರಿ?

ಮಾಲೀಕ: ಬಿಡ್ತು ಅನ್ನು. (ತುಸು ಯೋಚಿಸಿ) ‘ದೋಣಿಗೆ ಯಾವ ಹಾನಿಯೂ ಆಗಲಿಲ್ಲ.’

ಟವೆಲ್ ಹಿಡಿದು ಅಕ್ಕ ಒಳಗೆ ಬಂದಳು. ಮಾಲೀಕನ ಹೆಂಡತಿ, ಆಫೀಸಿನ ಕಾಗದಪತ್ರವೆಲ್ಲ ಅವಳದೇ.

ಅಕ್ಕ: ತಗೊಳ್ಳೇ, ಮೊದಲು ತಲೆ ಒರೆಸ್ಕೋ. ಏನ್ರೀ, ಅವಳ ತುಟಿ ನೀಲಿಗಟ್ಟಿದೆ, ನೀವು ದೋಣಿಗೆ ಬಿರುದು ಹುಡುಕ್ತಾ ಕೂತಿದೀರಾ?

ಮಾಲೀಕ: ನಿನ್ನ ತಂಗಿಗೆ ನೀನೇ ಹೇಳು. ತೊಟ್ಟಿ ಪರೀಕ್ಷೇಲಿ ಇದೇ ದೋಣಿ ಒಂದಿಂಚು ವಾಲಲಿಲ್ಲ.

ನಾದಿನಿ: ಆವತ್ತು ಒಳಗೆ ಕೂತಿದ್ದು ಯಾರು, ಅದನ್ನೂ ಹೇಳಿ.

ಮಾಲೀಕ: ಎಪ್ಪತ್ತು ಕಿಲೋ.

ಅಕ್ಕ: ಎಪ್ಪತ್ತು ಕಿಲೋ ಅಂದ್ರೆ ಯಾರು? ಗೋದಾಮಿನವನಾ?

ನಾದಿನಿ: ಮರಳುಚೀಲ ಅಕ್ಕಾ! ಫ್ಯಾನಿನ ಗಾಳಿಯೇ ಬಿರುಗಾಳಿ. ಇಬ್ಬರು ಹಲಗೆ ಹಿಡಿದು ನೀರು ಕಲಕಿದ್ದೇ ಅಲೆ.

ಮಾಲೀಕ: ಫ್ಯಾನು ಮೂರನೇ ನಂಬರಲ್ಲಿತ್ತು!

ನಾದಿನಿ: ಚೀಲ ತಳದಲ್ಲಿ ಮಲಗಿರುತ್ತೆ ಭಾವ. ಮನುಷ್ಯ ಎದ್ದು ಕೂತಿರ್ತಾನೆ, ಅವನ ಭಾರ ಮೇಲಿರುತ್ತೆ. ಹೆದರಿದ್ರೆ ಅಲ್ಲಾಡ್ತಾನೆ ಬೇರೆ.

ಮಾಲೀಕ: ಅದನ್ನೇ ನಾನೂ ಹೇಳೋದು, ಹೆದರಬಾರದು. ಆ ಚೀಲ ಹೆದರಿತಾ?

ಅಕ್ಕ ನಗಲಿಲ್ಲ. ಮಾಲೀಕ ಮಾತು ಬದಲಿಸಬೇಕಾಯಿತು.

ಮಾಲೀಕ: ಹೋಗಲಿ, ನಮ್ಮ ದೋಣಿ ಬಗ್ಗೆ ಇಲ್ಲೀವರೆಗೆ ಒಂದಾದ್ರೂ ದೂರು ಬಂದಿದೆಯಾ?

ನಾದಿನಿ: ಮುಳುಗಿದವರು ದೂರು ಬರೆಯಲ್ಲ.

ದೂರು ಬಾರದಿರುವುದನ್ನೇ ಗುಣಮಟ್ಟವೆಂದು ಕರೆಯುವುದು ಇವನೊಬ್ಬನ ಚಾಳಿಯಲ್ಲ. ಎಷ್ಟೋ ದೊಡ್ಡ ಕುರ್ಚಿಗಳು ಆ ಒಂದೇ ಕಾಲಿನ ಮೇಲೆ ನಿಂತಿವೆ.

ಅಕ್ಕ ವರದಿಯ ಕೊನೆಯ ಸಾಲುಗಳ ಮೇಲೆ ಬೆರಳಾಡಿಸಿದಳು.

ಅಕ್ಕ: ಅವಳನ್ನ ಯಾಕೆ ಗೋಳು ಹುಯ್ಕೋತೀರಿ? ‘ಪರೀಕ್ಷಕರು ಅಥವಾ ತಯಾರಕರು’ ಅಂತ ಇದೆ ಇಲ್ಲಿ. ನೀವೇ ಸಹಿ ಹಾಕಬಹುದು.

ಮಾಲೀಕ: (ಹಿಗ್ಗಿ) ನೋಡು, ಹೆಂಡತಿ ಅಂದ್ರೆ ಹೀಗಿರಬೇಕು! ಕೊಡು ಇಲ್ಲಿ.

ಅಕ್ಕ ಕೊಟ್ಟದ್ದು ಕಾಗದವನ್ನಲ್ಲ. ತಂಗಿಯ ಮೈಮೇಲಿನ ಒದ್ದೆ ಜಾಕೆಟ್ಟನ್ನು ಬಿಚ್ಚಿಸಿ ಗಂಡನ ಮಡಿಲಿಗೆ ಹಾಕಿದಳು.

ಅಕ್ಕ: ಗಾಳಿ ಇನ್ನೂ ನಿಂತಿಲ್ಲ. ಅಲ್ಲಿ ಸಮುದ್ರದಲ್ಲಿ ಕಾಣೋ ಆ ಬಂಡೆ ಸುತ್ತಿಕೊಂಡು ಬನ್ನಿ, ಬಂದು ಸಹಿ ಹಾಕಿ.

ಮಾಲೀಕ: ನಾನಾ? ನನ್ನ ಸೊಂಟನೋವು ನಿನಗೆ ಗೊತ್ತಿಲ್ವಾ?

ಅಕ್ಕ: ಕೂತ್ಕೊಂಡೇ ಹೋಗೋದಲ್ವಾ? ಮಕ್ಕಳು ಕೂರ್ತಾರಂತೆ, ನೀವು ಕೂರಬಾರದಾ?

ಮಾಲೀಕ: ತಲೆ ನೆಟ್ಟಗಿದೆಯಾ ನಿನಗೆ? ಈ ಗಾಳೀಲಿ ಅದು ಬಂಡೆ ಸುತ್ತಲ್ಲ ಕಣೇ! ಅರ್ಧ ತಿರುಗೋ ಹೊತ್ತಿಗೆ ಅಲೆಗೆ ಅಡ್ಡ ಸಿಕ್ಕಿ ಮಗುಚುತ್ತೆ. ಮಗುಚಿದ್ಮೇಲೆ ನೆಟ್ಟಗೆ ಮಾಡೋದೂ ಕಷ್ಟ, ಹಿಂದೆ ಸಾಮಾನಿಡೋ ಗೂಡಿನ ಮುಚ್ಚಳದಲ್ಲಿ ನೀರು ಇಳಿಯುತ್ತೆ, ಐದು ನಿಮಿಷಕ್ಕೆ ಬಾಲ ತುಂಬ್ಕೊಂಡು…

ನಾದಿನಿಯ ಕೈಯಲ್ಲಿದ್ದ ಟವೆಲ್ ತಲೆಯ ಮೇಲೆಯೇ ನಿಂತಿತು.

ನಾದಿನಿ: ಮುಚ್ಚಳದಲ್ಲಿ ನೀರು ಇಳಿಯುತ್ತಾ? ಅದಕ್ಕೇ ಹಿಂಬದಿ ಭಾರ ಅನ್ನಿಸಿದ್ದು. ನನ್ನ ತೋಳು ಸೋತಿದೆ ಅಂದ್ಕೊಂಡಿದ್ದೆ.

ಅಕ್ಕ ಕಿಟಕಿ ತೆರೆದು, “ಇಳಿಸಪ್ಪಾ, ನಲವತ್ತೂ ಇಳಿಸು!” ಎಂದು ಲಾರಿಯವನಿಗೆ ಕೂಗಿದಳು. ಆಮೇಲೆ ಒಂದು ಖಾಲಿ ಹಾಳೆಯನ್ನು ತಂಗಿಯ ಮುಂದಿಟ್ಟಳು.

ನಾದಿನಿ: ನಿಧಾನವಾಗಿ ಹೇಳಿ ಭಾವ, ಬರ್ಕೋತೀನಿ. ಕುರ್ಚಿ ಬಿಟ್ಟೇಳದೆ ಇಷ್ಟೆಲ್ಲ ಗೊತ್ತಿದ್ದೋರು, ನನ್ನನ್ನ ಯಾಕೆ ನೀರಿಗೆ ಹಾಕಿದ್ರಿ?